ಕಾರವಾರದಿಂದ ತಂದ ಕಾರು, ಅಡಿಯಲ್ಲಿ ತುಕ್ಕು: ಮನೆಯಲ್ಲೇ ಕೋಟಿಂಗ್ ಮಾಡಬಹುದಾ?

ಪ್ರಶ್ನೆ (ಹುಬ್ಬಳ್ಳಿ):
ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಓಡಿದ ಹಳೇ ಕಾರೊಂದನ್ನು ತಗೊಂಡಿದ್ದೇನೆ. ಎಂಜಿನ್ ಚೆನ್ನಾಗಿದೆ. ಆದರೆ ಅಡಿಯಲ್ಲಿ ಅಲ್ಲಲ್ಲಿ ಜಂಗು ಹಿಡಿದಿದೆ. ಹಿಂದಿನ ಎಡ ಬಾಗಿಲ ಕೆಳಗೆ ಪೇಂಟ್ ಉಬ್ಬಿದೆ, ಒತ್ತಿದರೆ ಕರಕರ ಅನ್ನುತ್ತೆ. ಗ್ಯಾರೇಜಿನವರು ಕಪ್ಪು ಕೋಟಿಂಗ್ ಹೊಡೆದುಬಿಡೋಣ ಅಂತಾರೆ. ಇನ್ನೊಬ್ಬರು ಹಳೇ ಎಂಜಿನ್ ಆಯಿಲ್ ಬಳಿದರೆ ಸಾಕು ಅಂದರು. ಮಳೆಗಾಲ ಶುರುವಾಗೋದರೊಳಗೆ ನಾನೇ ಮಾಡಿಕೊಳ್ಳಬೇಕು ಅಂತಿದ್ದೇನೆ. ಹೇಗೆ?

ಉತ್ತರ (ಧಾರವಾಡ):
ಸರ್, ಮೊದಲು ಆ ಕಪ್ಪು ಕೋಟಿಂಗ್ ನಿಲ್ಲಿಸಿ. ಉಪ್ಪು, ತೇವ ಒಳಗಿರುವಾಗಲೇ ಮೇಲೆ ದಪ್ಪಗೆ ಬಳಿದರೆ ತುಕ್ಕು ನಿಲ್ಲಲ್ಲ. ಕಣ್ಣಿಗೆ ಕಾಣದ ಹಾಗೆ ಒಳಗೊಳಗೇ ತಿನ್ನುತ್ತೆ, ಅಷ್ಟೇ.

ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೀರೊಡೆಯುತ್ತಲ್ಲ, ನಿಮ್ಮ ಕಾರಿನ ತಗಡಿನ ಸಂದಿಯಲ್ಲೂ ಅದೇ ಆಗ್ತಿರುತ್ತೆ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಉಪ್ಪು ತಾನಾಗಿಯೇ ನೀರು ಎಳೆದುಕೊಳ್ಳುತ್ತೆ. ಉಪ್ಪುನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯೋದರಿಂದ ಕಬ್ಬಿಣ ಬೇಗ ಸವೆಯುತ್ತೆ. ಕಾರವಾರ ಬಿಟ್ಟು ಅರಬೈಲ್ ಘಾಟಿ ಹತ್ತಿ ಬಂದರೂ ಉಪ್ಪು ಕಾರಿನ ಜೊತೆಗೇ ಬಂದಿರುತ್ತೆ. ಇಲ್ಲಿ ಬಂದ ಮೇಲೆ ಎರೆ ಮಣ್ಣು ಬೇರೆ. ಅಣ್ಣಿಗೇರಿ, ನವಲಗುಂದದ ಕಡೆ ಮಳೆಯಲ್ಲಿ ಓಡಾಡಿದರೆ ಆ ಮಣ್ಣು ಚಕ್ರದ ಮೇಲ್ಭಾಗದಲ್ಲಿ ಮೆತ್ತಿಕೊಂಡು ವಾರಗಟ್ಟಲೆ ತೇವ ಹಿಡಿದಿಡುತ್ತೆ.

ಅದಕ್ಕೇ ತೊಳೆಯೋದೇ ಅರ್ಧ ಕೆಲಸ. ವಾಟರ್ ಸರ್ವಿಸ್‌ಗೆ ಒಯ್ದು, ಲಿಫ್ಟ್ ಮೇಲೆ ಏರಿಸಿ, ಅಡಿಯಿಂದ ಹೊಡೆಸಿ. ನೀರು ಯಾವುದು ಅಂತ ಕೇಳಿ. ನಮ್ಮ ಕಡೆ ಎಷ್ಟೋ ಬೋರ್‌ಗಳದ್ದು ಸವಳು ನೀರು, ಅದರಲ್ಲೇ ತೊಳೆದು ಬಿಟ್ಟರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತೆ. ಮನೆಗೆ ಬಂದು ನಳದ ನೀರಲ್ಲಿ ಇನ್ನೊಮ್ಮೆ ತೊಳೆಯಿರಿ. ಬಾಗಿಲ ತಳದಲ್ಲಿ, ಸಿಲ್ (ಬಾಗಿಲುಗಳ ಕೆಳಗೆ ಉದ್ದಕ್ಕೂ ಇರೋ ಟೊಳ್ಳು ತಗಡಿನ ಭಾಗ) ಅಡಿಯಲ್ಲಿ ನೀರು ಇಳಿಯೋ ಸಣ್ಣ ತೂತುಗಳಿವೆ. ತೆಳ್ಳನೆ ತಂತಿ ಹಾಕಿ ಮಣ್ಣು ತೆಗೆದರೆ ಒಳಗೆ ನಿಂತ ಕೆಂಪು ನೀರು ಸುರಿಯುತ್ತೆ, ನೋಡಿ ಬೇಕಾದರೆ. ಆಮೇಲೆ ಬಿಸಿಲಲ್ಲಿ ಚೆನ್ನಾಗಿ ಒಣಗಲಿ. ಏಪ್ರಿಲ್-ಮೇ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು.

ಮೇಲ್ಮೇಲಿನ ತುಕ್ಕನ್ನು ತಂತಿ ಬ್ರಶ್, 80 ನಂಬರ್ ಸ್ಯಾಂಡ್‌ಪೇಪರ್ ಹಾಕಿ ಗಟ್ಟಿ ಲೋಹ ಸಿಗೋವರೆಗೂ ಉಜ್ಜಿ. ಕುಳಿಗಳಲ್ಲಿ ಉಳಿದಿದ್ದಕ್ಕೆ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸೋ ದ್ರವ) ಹಚ್ಚಿ, ತುಕ್ಕು ಕಪ್ಪಾಗುತ್ತೆ. ಡಬ್ಬದ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಎಪಾಕ್ಸಿ ಪ್ರೈಮರ್ (ಪೇಂಟಿಗೆ ಮುಂಚೆ ಬಳಿಯೋ ಅಡಿಲೇಪ), ಅದರ ಮೇಲೆ ಪೇಂಟ್. ಸಿಲ್, ಬಾಗಿಲಿನ ಒಳಭಾಗಕ್ಕೆ ಉದ್ದ ನಳಿಕೆಯ ವ್ಯಾಕ್ಸ್ ಸ್ಪ್ರೇ ಸಾಕು. ಅದು ಸಂದಿಗಳಿಗೂ ಇಳಿಯುತ್ತೆ. ಬ್ರೇಕ್ ಡಿಸ್ಕ್, ಸೈಲೆನ್ಸರ್, ಸೆನ್ಸರ್‌ಗಳನ್ನು ಮೊದಲೇ ಮುಚ್ಚಿಕೊಳ್ಳಿ. ನೀರಿನ ತೂತು ಮಾತ್ರ ಮುಚ್ಚಿಹೋಗಬಾರದು.

ಹಳೇ ಎಂಜಿನ್ ಆಯಿಲ್ ಬೇಡವೇ ಬೇಡ. ಅದರಲ್ಲಿ ಆಮ್ಲ, ಲೋಹದ ಪುಡಿ ಇರುತ್ತೆ. ರಬ್ಬರ್ ಬುಶ್ ಹಾಳಾಗುತ್ತೆ, ಚರ್ಮಕ್ಕೂ ಒಳ್ಳೇದಲ್ಲ, ತೊಟ್ಟಿಕ್ಕಿ ಅಂಗಳದ ಮಣ್ಣು ಕೆಡುತ್ತೆ.

ಬರೀ ಜಾಕ್ ನಂಬಿ ಕಾರಿನ ಅಡಿಗೆ ಹೋಗಬೇಡಿ, ದಯವಿಟ್ಟು. ಗಟ್ಟಿ ನೆಲ, ಜಾಕ್ ಸ್ಟ್ಯಾಂಡ್ ಎರಡೂ ಇರಲೇಬೇಕು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಉಬ್ಬಿದ ಜಾಗದಲ್ಲಿ ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಒತ್ತಿದೆ, ಒಳಗೇ ಹೋಯ್ತು. ಪುಟ್ಟಿ ತುಂಬಿಬಿಡಲಾ?

ಉತ್ತರ (ಧಾರವಾಡ):
ಬೇಡ ಸರ್. ಸ್ಕ್ರೂಡ್ರೈವರ್ ಹೋಯ್ತು ಅಂದರೆ ಅಲ್ಲಿ ತಗಡೇ ಇಲ್ಲ. ಒಳಗಿನಿಂದ ತಿಂದು ಹೊರಗೆ ಬಂದ ತುಕ್ಕು ಅದು. ಈಗಿನ ಹೆಚ್ಚಿನ ಕಾರುಗಳಿಗೆ ಬೇರೆ ಚಾಸಿಸ್ ಇರಲ್ಲ, ಬಾಡಿಯೇ ಭಾರ ಹೊರುತ್ತೆ, ಅದರಲ್ಲಿ ಸಿಲ್ ಪಾಲು ದೊಡ್ಡದು. ಕೆಟ್ಟ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ. ವೆಲ್ಡಿಂಗ್ ಶುರು ಮಾಡೋ ಮುಂಚೆ ಬ್ಯಾಟರಿ ವೈರ್ ಬಿಚ್ಚಿಸಿ. ಆದಮೇಲೆ ಒಳಗಡೆಗೆ ವ್ಯಾಕ್ಸ್ ಹೊಡೆಯೋದು ಮರೆಯಬೇಡಿ, ವೆಲ್ಡಿಂಗ್ ಬಿಸಿಗೆ ಅಲ್ಲಿನ ಪೇಂಟ್ ಸುಟ್ಟುಹೋಗಿರುತ್ತೆ.

ಇನ್ನೊಬ್ಬರು (ಗದಗ):
ನಡುವೆ ಬಂದೆ, ಬೇಜಾರಾಗಬೇಡಿ. ನಮ್ಮ ತಮ್ಮ ಕೆನಡಾದಲ್ಲಿದ್ದಾನೆ. ಅಲ್ಲಿ ಚಳಿಗಾಲದಲ್ಲಿ ರಸ್ತೆಗೇ ಉಪ್ಪು ಹಾಕ್ತಾರಂತೆ. ಅವನಿಗೂ ಇದೇ ಉಪಾಯ ನಡೆಯುತ್ತಾ?

ಉತ್ತರ (ಧಾರವಾಡ):
ತೊಳೆದು ಒಣಗಿಸೋದು ಅಲ್ಲೂ ಅಷ್ಟೇ ಮುಖ್ಯ ರೀ. ಉಪ್ಪು ಬೆರೆತ ನೀರು 0 ಡಿಗ್ರಿಗೆ ಹೆಪ್ಪುಗಟ್ಟಲ್ಲ, ಅದಕ್ಕೇ ಹಾಕ್ತಾರೆ. ಕೆಲವು ಕಡೆ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ದ್ರಾವಣ ಸಿಂಪಡಿಸ್ತಾರೆ, ಅವು ಅಡುಗೆ ಉಪ್ಪಿಗಿಂತ ಜಾಸ್ತಿ ತೇವ ಎಳೆಯುತ್ತವೆ. ಅಲ್ಲಿ ದಪ್ಪ ಕಪ್ಪು ಲೇಪಕ್ಕಿಂತ ಎಣ್ಣೆ ಅಥವಾ ಕುರಿ ಉಣ್ಣೆಯಿಂದ ತೆಗೆದ ಲ್ಯಾನೊಲಿನ್ ಲೇಪವೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ಅದು ಬಿರುಕು ಬಿಡಲ್ಲ, ಆದರೆ ಪ್ರತಿ ವರ್ಷ ಹಿಮ ಬೀಳೋಕೆ ಮುಂಚೆ ಮತ್ತೆ ಹೊಡೀಬೇಕು. ಇನ್ನೊಂದು ಮಾತು ತಮ್ಮನಿಗೆ ತಿಳಿಸಿ: ಉಪ್ಪು ಮೆತ್ತಿದ ಕಾರನ್ನು ತೊಳೆಯದೇ ಬೆಚ್ಚಗಿನ ಗ್ಯಾರೇಜಿನಲ್ಲಿ ನಿಲ್ಲಿಸಿದರೆ, ಹೊರಗೆ ಚಳಿಯಲ್ಲಿ ನಿಂತ ಕಾರಿಗಿಂತ ಬೇಗ ತುಕ್ಕು ಹಿಡಿಯುತ್ತೆ.