ಸಹಾಯ ಬೇಕು: ವೃದ್ಧ ದಂಪತಿ ಒಟ್ಟಿಗೆ ಇರಲು ಆಶ್ರಯ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಮೆಜೆಸ್ಟಿಕ್ ಸಮೀಪ ಮುಚ್ಚಿದ ಅಂಗಡಿಯೊಂದರ ಜಗಲಿಯ ಮೇಲೆ ಎಪ್ಪತ್ತು ದಾಟಿದ ದಂಪತಿ ಮಲಗುತ್ತಿದ್ದಾರೆ. ಅಜ್ಜಿಗೆ ವಿಪರೀತ ಮಂಡಿನೋವು. ಅಜ್ಜ ಸಿಮೆಂಟ್ ಚೀಲಗಳನ್ನು ಬಿಚ್ಚಿ ಹೊಲಿದು ಹಾಸಿಗೆ ಮಾಡಿಕೊಟ್ಟಿದ್ದಾರೆ. ರಾತ್ರಿ ತಂಗುದಾಣವೊಂದರಲ್ಲಿ ವಿಚಾರಿಸಿದರೆ ಅಲ್ಲಿ ಗಂಡಸರಿಗೆ ಮಾತ್ರ ಜಾಗ. "ಇವಳನ್ನು ಬಿಟ್ಟು ಎಲ್ಲಿಗೆ ಹೋಗಲಿ?" ಎನ್ನುತ್ತಾರೆ ಅಜ್ಜ. 2024ರಲ್ಲಿ ಮುಗಿದ, ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ ಕುಟುಂಬಗಳ ತಂಗುದಾಣದ ಮಾತೂ ಇತ್ತು. ಕಾಗದದ ಮೇಲೆ ಯಾವುದಕ್ಕೂ ಕೊರತೆಯಿಲ್ಲ!

ಹಿರಿಯರ ಸಹಾಯವಾಣಿ 14567ಕ್ಕೆ ತಿಳಿಸಿದ್ದೇನೆ. ಗಂಡ ಹೆಂಡತಿಯನ್ನು ಒಟ್ಟಿಗೆ ಇರಿಸಿಕೊಳ್ಳುವ, ಆಧಾರ್ ಇಲ್ಲವೆಂದು ಹಿಂದಕ್ಕೆ ಕಳುಹಿಸದ ಉಚಿತ ಆಶ್ರಮ ಯಾರಿಗಾದರೂ ಗೊತ್ತಿದೆಯೇ? ತುಮಕೂರು, ರಾಮನಗರವಾದರೂ ಸರಿ, ಕರೆದೊಯ್ಯುವ ಹೊಣೆ ನನ್ನದು. ಹಣ ಬೇಡ. ದಯವಿಟ್ಟು ಅವರ ಫೋಟೊ ಕೇಳಬೇಡಿ.