ಎರಡು ಸಾಲ ಇರುವಾಗ ಬಾಡಿಗೆಗೆಂದು ಮನೆ ಕೊಳ್ಳಬಹುದಾ?

ಪ್ರಶ್ನೆ:
ಮೈಸೂರಿನಲ್ಲಿದ್ದೇನೆ, ಕೈಗೆ ಬರುವ ಸಂಬಳ 62,000. ಕಾರಿನ ಕಂತು 11,400, ತಂಗಿ ಮದುವೆಗೆ ಮಾಡಿದ ಪರ್ಸನಲ್ ಲೋನಿಗೆ 8,600. ವಿಜಯನಗರದಲ್ಲಿ 38 ಲಕ್ಷದ ಫ್ಲ್ಯಾಟ್ ನೋಡಿದೆ, 14,000 ಬಾಡಿಗೆ ಬರುತ್ತದಂತೆ. ಅಪ್ಪನಿಗೆ ಕೈಕಾಲು ಗಟ್ಟಿಯಿರುವಾಗಲೇ ಒಂದು ಆಸ್ತಿ ಮಾಡಿ ತೋರಿಸಬೇಕೆಂಬ ಆಸೆ. ಮುಂಗಡಕ್ಕೆ ಇನ್ನೊಂದು ಪರ್ಸನಲ್ ಲೋನ್ ತೆಗೆಯಲಾ?

ಉತ್ತರ 1:
ಬೇಡ ತಮ್ಮಾ. ನಾನು ಹಾಗೇ ಮಾಡಿದ್ದೆ. ಬಾಡಿಗೆದಾರ ಬಿಟ್ಟುಹೋಗಿ ಮೂರು ತಿಂಗಳು ಮನೆ ಖಾಲಿ ಇತ್ತು, ಹೆಂಡತಿಯ ಬಳೆ ಅಡವಿಟ್ಟು ಕಂತು ಕಟ್ಟಿದೆ. ನಿಮ್ಮ ಲೆಕ್ಕ ನೋಡಿ: 30 ಲಕ್ಷ ದಾಟಿದ ಗೃಹಸಾಲಕ್ಕೆ ಬ್ಯಾಂಕ್ ಕೊಡುವುದು ಬೆಲೆಯ ಶೇ. 80ರವರೆಗೆ, ಅಂದರೆ 30.4 ಲಕ್ಷ. ಶೇ. 8.5ರಂತೆ 20 ವರ್ಷಕ್ಕೆ ಕಂತು ಸುಮಾರು 26,400. ಹಳೆಯದೂ ಸೇರಿ 46,400! ಬಾಡಿಗೆ ಬಂದರೂ ಕೈಯಿಂದ 32,400 ಹೋಗುತ್ತದೆ. ಮೊದಲು ಪರ್ಸನಲ್ ಲೋನ್ ತೀರಿಸಿ, ಅದರ ಬಡ್ಡಿಯೇ ಜಾಸ್ತಿ.

ಉತ್ತರ 2:
ಮುಂಗಡ 7.6 ಲಕ್ಷ ಮಾತ್ರ ಅಲ್ಲ. ಮುದ್ರಾಂಕ ಶುಲ್ಕ ಬೇರೆ, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ, ಅದೇ 76,000. ಇ-ಖಾತಾ (ಆಸ್ತಿಯ ಡಿಜಿಟಲ್ ದಾಖಲೆ) ನೋಡದೆ ಟೋಕನ್ ಅಡ್ವಾನ್ಸ್ ಕೊಡಬೇಡಿ.

ಉತ್ತರ 3:
ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಬಾಡಿಗೆಗಿಂತ ಸಾಲದ ಬಡ್ಡಿ ಹೆಚ್ಚಾಗಿ ಆಗುವ ನಷ್ಟವನ್ನು ತೆರಿಗೆ ಲೆಕ್ಕದಲ್ಲಿ ಸಂಬಳದಿಂದ ಕಳೆಯಲಾಗದು. ಟ್ಯಾಕ್ಸ್ ಉಳಿಯುತ್ತದೆ ಎಂದು ಬ್ರೋಕರ್ ಹೇಳಿದ್ದರೆ ನಂಬಬೇಡಿ.

ಪ್ರಶ್ನೆ ಕೇಳಿದವರು:
ಬ್ರೋಕರ್ ಹೇಳಿದ್ದು ಅದನ್ನೇ ಸಾರ್. ಪರ್ಸನಲ್ ಲೋನ್ ಇನ್ನು 14 ತಿಂಗಳಿದೆ. ಅಪ್ಪನಿಗೆ ಇವತ್ತೇ ಹೇಳುತ್ತೇನೆ.