ಅಪ್‌ಡೇಟ್: ಬಿಳಿ ಎಸಳುಗಳ ವಿವರ ಈಗ ಉಳಿಯುತ್ತಿದೆ

ಸಸ್ಯೋದ್ಯಾನದಲ್ಲಿ ವಸಂತದ ಬಿಳಿ ಹೂಗಳ ಚಿತ್ರ ತೆಗೆದಾಗ ಎಸಳಿನ ಗೆರೆಗಳೆಲ್ಲ ಮಾಯವಾಗಿ ಬರಿಯ ಬಿಳುಪು ಉಳಿಯುವುದೇಕೆಂದು ಹಿಂದೆ ಇಲ್ಲಿ ನಿಮ್ಮನ್ನು ಕೇಳಿದ್ದೆ. ನೀವು ಸೂಚಿಸಿದಂತೆ ಮೋಡ ಕವಿದ ಬೆಳಗ್ಗೆ ಮತ್ತೆ ಹೋಗಿದ್ದೆ. ಕಡುಹಸಿರು ಎಲೆಗಳೇ ಚೌಕಟ್ಟಿನ ಬಹುಭಾಗವನ್ನು ತುಂಬಿದ್ದರಿಂದ ಕ್ಯಾಮೆರಾದಲ್ಲಿ ಬೆಳಕನ್ನು ಅಳೆಯುವ ಮೀಟರ್ ದೃಶ್ಯವನ್ನು ಕತ್ತಲೆಯೆಂದು ಲೆಕ್ಕ ಹಾಕಿ ಬೆಳಕನ್ನು ಹೆಚ್ಚಿಸುತ್ತಿತ್ತು ಎಂಬುದು ಹಿಸ್ಟೋಗ್ರಾಮ್ (ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡಿದಾಗ ಸ್ಪಷ್ಟವಾಯಿತು. ಮೀಟರಿನ ಲೆಕ್ಕವನ್ನು ನಾವೇ ತಿದ್ದುವ ಎಕ್ಸ್‌ಪೋಷರ್ ಕಾಂಪನ್ಸೇಷನ್ ಅನ್ನು 1 ಸ್ಟಾಪ್ (ಅಂದರೆ ಬೆಳಕು ಅರ್ಧವಾಗುವಷ್ಟು) ಇಳಿಸಿದ ಕೂಡಲೇ ನವಿರಾದ ಗೆರೆಗಳು ಮರಳಿದವು, ಆ ಕ್ಷಣದ ಸಂತೋಷವನ್ನು ಮರೆಯಲಾರೆ. ಆದರೆ ಬಿಳಿ ಹೂಗಳೇ ಚೌಕಟ್ಟನ್ನು ತುಂಬಿದಾಗ ಇದಕ್ಕೆ ವಿರುದ್ಧವಾಗಿ 1 ಸ್ಟಾಪ್ ಏರಿಸಬೇಕಾಯಿತು, ಇಲ್ಲವಾದರೆ ಅವು ಬೂದುಬಣ್ಣಕ್ಕೆ ತಿರುಗುತ್ತಿದ್ದವು. ಗಾಳಿಗೆ ಓಲಾಡುವ ಕೊಂಬೆಗಳಿಗೆ 1/500 ಸೆಕೆಂಡಿನ ಷಟರ್ ವೇಗ ಸಾಕಾಯಿತು. ಹಿನ್ನೆಲೆಯಲ್ಲಿ ಕಾಣುವ ಸಸ್ಯಗಳ ಹೆಸರಿನ ಫಲಕಗಳನ್ನು ತಪ್ಪಿಸುವುದು ಮಾತ್ರ ಇನ್ನೂ ಕಷ್ಟವಾಗಿದೆ. ಅದಕ್ಕಾಗಿ ಹಾದಿ ಬಿಟ್ಟು ಪಾತಿಯೊಳಗೆ ಕಾಲಿಡಲು ನನಗೆ ಮನಸ್ಸಿಲ್ಲ.